ಜೀವಜಂತುಗಳ ಛಾಯಾಚಿತ್ರವನ್ನು ತೆಗೆಯುವ ವಿಷಯ

ಬಂಗಾರಪೇಟೆಯ ಜಂಕ್ಷನ್ನಿನಿಂದ ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳ ಮಾರ್ಗವಾಗಿ ಮಾರಿಕುಪ್ಪಕ್ಕೆ ಹೋಗುವ ಪ್ರಯಾಣಿಕರಿಗೆ ನಮ್ಮ ಸೀಮೆಯು ಜೀವಜಂತುಗಳಿಲ್ಲದ ಬರಡು ನೆಲವಾಗಿ ತೋರುವುದುಂಟು. ಹೆಬ್ಬಂಡೆಗಳು, ಲಂಟಾನದ ಪೊದೆಗಳು, ವರ್ಷದಲ್ಲಿ ಅರ್ಧಕಾಲ ಒಣಗಿರುವ ಕೆರೆಗಳು, ಕಡೆಗೆ ಗಣಿಯ ಅರೆದ ಕಲ್ಲಿನಿಂದಾದ ಬೂದುಬಣ್ಣದ ಗುಡ್ಡಗಳು: ಇವನ್ನು ಕಂಡವರು ‘ಇಲ್ಲಿ ಚಿತ್ರ ತೆಗೆಯತಕ್ಕದ್ದೇನಿದೆ?’ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಪ್ರಕೃತಿಯ ಛಾಯಾಚಿತ್ರವೆಂದೊಡನೆ ನಮ್ಮ ಮನಸ್ಸು ಬಂಡೀಪುರದ ಆನೆಗೋ ನಾಗರಹೊಳೆಯ ಹುಲಿಗೋ ಹಾರುತ್ತದೆ. ಆದರೆ ಈ ವಿದ್ಯೆಯನ್ನು ಕಲಿಯುವುದಕ್ಕೆ ದೊಡ್ಡ ಕಾಡಿಗಿಂತ ನಮ್ಮಂಥ ಬಯಲುಸೀಮೆಯೇ ಮೇಲೆಂಬುದು ನನ್ನ ಅಭಿಪ್ರಾಯ. ಕಾಡಿನಲ್ಲಿ ಪ್ರಾಣಿಯು ಅಪೂರ್ವವಾಗಿರುವುದರಿಂದ ಅದು ಕಂಡದ್ದೇ ಸಾಕೆನ್ನಿಸುವುದು. ಬಯಲಿನಲ್ಲಾದರೋ ಒಂದೇ ಹಕ್ಕಿಯನ್ನು ನೂರು ದಿನ ನೋಡಬಹುದು, ನೋಡುತ್ತಾ ನೋಡುತ್ತಾ ನಮ್ಮ ಕೆಲಸದ ರೀತಿಯೇ ಬದಲಾಗುವುದನ್ನು ಕಾಣಬಹುದು. ಈ ಬದಲಾವಣೆ ಯಾವ ಬಗೆಯದು, ಅದು ಏತಕ್ಕಾಗಿ ಉಂಟಾಗುತ್ತದೆ ಎಂಬುದನ್ನು, ಈ ವಿದ್ಯೆಯಲ್ಲಿ ಹೆಸರಾದವರ ಜೀವನದಿಂದಲೂ ನಮ್ಮ ಕೋಲಾರ ಸೀಮೆಯ ಸಂಗತಿಗಳಿಂದಲೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ಆಸೆ ಯಾವಾಗಲೂ ಒಂದೇ: ಹತ್ತಿರಕ್ಕೆ ಹೋಗಬೇಕು. ಹೊಸದಾಗಿ ಕ್ಯಾಮೆರಾ ಹಿಡಿದವರು ಕೆರೆಯ ದಡದಲ್ಲಿರುವ ಬೆಳ್ಳಕ್ಕಿಯನ್ನು ಚಿತ್ರಿಸಿ ಮನೆಗೆ ಬಂದು ನೋಡುವಾಗ, ಕಣ್ಣಿಗೆ ಅಷ್ಟು ಸ್ಫುಟವಾಗಿ ಕಂಡಿದ್ದ ಹಕ್ಕಿಯು ಚಿತ್ರದಲ್ಲಿ ಸುಣ್ಣದ ಚುಕ್ಕೆಯಷ್ಟಾಗಿರುತ್ತದೆ. ಕಣ್ಣು ತನಗೆ ಬೇಕಾದುದನ್ನು ಮಾತ್ರ ಆಯ್ದುಕೊಳ್ಳುತ್ತದೆ. ಯಂತ್ರವು ತನ್ನೆದುರಿಗಿರುವ ಯಾವತ್ತನ್ನೂ ಒಂದೇ ಸಮನಾಗಿ ಬರೆದುಕೊಳ್ಳುತ್ತದೆ. ಆಗ ಅವರು ದೂರದ ವಸ್ತುವನ್ನು ಹತ್ತಿರ ತೋರಿಸುವ ಉದ್ದನೆಯ ಮಸೂರವನ್ನು ಬಯಸುತ್ತಾರೆ, ಇಲ್ಲವೇ ಬಗ್ಗಿ ತೆವಳಿ ಮುಂದಕ್ಕೆ ಹೋಗುತ್ತಾರೆ. ಎರಡರಿಂದಲೂ ಹಕ್ಕಿಯು ದೊಡ್ಡದಾಗುತ್ತದೆಂಬುದು ನಿಜ. ಆದರೆ ಅಟ್ಟಿಸಿಕೊಂಡು ಹೋದವರ ಚಿತ್ರಗಳನ್ನು ಸಾಲಾಗಿಟ್ಟು ನೋಡಿರಿ: ಪ್ರತಿಯೊಂದರಲ್ಲಿಯೂ ಕತ್ತನ್ನು ನೀಳಮಾಡಿ, ಗರಿಗಳನ್ನು ಮೈಗೆ ಬಿಗಿದುಕೊಂಡು, ಹಾರಲು ಸಿದ್ಧವಾದ ಒಂದೇ ಭಂಗಿ. ಹಕ್ಕಿಯ ಚಿತ್ರವೆಂದು ನಾವು ಕರೆಯುವ ಅದು ನಿಜವಾಗಿ ಹಕ್ಕಿಯ ಭಯದ ಚಿತ್ರ.

ಈ ತೊಡಕನ್ನು ಬಿಡಿಸಲು ಮೊದಲು ಹೊರಟವರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ರಿಚರ್ಡ್ ಕಿಯರ್ಟನ್, ಚೆರಿ ಕಿಯರ್ಟನ್ ಎಂಬ ಸಹೋದರರು ಪ್ರಸಿದ್ಧರು. ಮೊಟ್ಟೆಗಳಿದ್ದ ಹಕ್ಕಿಗೂಡೊಂದರ ಛಾಯಾಚಿತ್ರವನ್ನು 1892ರಲ್ಲಿ ತೆಗೆದ ಇವರು, ಹಕ್ಕಿಯೇ ನಿಶ್ಚಿಂತೆಯಾಗಿ ತಮ್ಮ ಹತ್ತಿರಕ್ಕೆ ಬರುವಂತೆ ಮಾಡಬೇಕೆಂದು ನಾನಾ ಉಪಾಯಗಳನ್ನು ಹೂಡಿದರು. ಅವುಗಳಲ್ಲಿ ನಗು ಬರಿಸುವಂಥದು ಎತ್ತಿನ ಚರ್ಮದ ಉಪಾಯ. 1900ರ ಸುಮಾರಿಗೆ ಒಂದು ಎತ್ತಿನ ಚರ್ಮವನ್ನು ಒಳಗೆ ಟೊಳ್ಳಾಗಿರುವಂತೆ ಕಟ್ಟಿ, ಹುಲ್ಲುಗಾವಲಿನಲ್ಲಿ ನಿಲ್ಲಿಸಿ, ಅದರೊಳಗೆ ಮನುಷ್ಯನು ಕ್ಯಾಮೆರಾದೊಂದಿಗೆ ಬಗ್ಗಿ ಕೂರುತ್ತಿದ್ದನು! ಎತ್ತು ಹುಲ್ಲುಗಾವಲಿಗೆ ಹೊಸದಲ್ಲವಾದ್ದರಿಂದ ಹಕ್ಕಿಗಳು ಅಂಜುತ್ತಿರಲಿಲ್ಲ. ಇದು ಹುಡುಗಾಟದಂತೆ ಕಂಡರೂ ಒಂದು ದೊಡ್ಡ ತಿರುವು ಇದರಲ್ಲಿ ಅಡಗಿತ್ತು. ಹಿಂದೆ ಬಿದ್ದು ಅಟ್ಟುವುದನ್ನು ಬಿಟ್ಟು ಮರೆಯಲ್ಲಿ ಕುಳಿತು ಕಾಯುವುದು ಪ್ರಾರಂಭವಾಯಿತು. ನಮ್ಮ ಮಲೆನಾಡಿನ ಬೇಟೆಗಾರರು ಇದನ್ನೇ ‘ಮರಸು ಕೂರುವುದು’ ಎನ್ನುವರು.

ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ತಿಳಿಯತಕ್ಕ ಹೆಸರು ಎಮ್ಮಾ ಲೂಯಿಸಾ ಟರ್ನರ್ ಎಂಬ ಮಹಿಳೆಯದು. 1867ರಲ್ಲಿ ಹುಟ್ಟಿದ ಈಕೆ, 1900ರಲ್ಲಿ ರಿಚರ್ಡ್ ಕಿಯರ್ಟನ್ನನ ಪರಿಚಯವಾದ ಮೇಲೆ ಕ್ಯಾಮೆರಾವನ್ನು ಕೈಗೆತ್ತಿಕೊಂಡಳು. ಆಗ ಆಕೆಗೆ ಮೂವತ್ತು ದಾಟಿದ್ದಿತು. ನಾರ್ಫೋಕ್ ಪ್ರಾಂತದ ಜೊಂಡು ತುಂಬಿದ ಸರೋವರಗಳಲ್ಲಿ ದೋಣಿಮನೆಯೊಂದರಲ್ಲಿ ವಾಸಿಸುತ್ತಾ, ವರ್ಷವರ್ಷವೂ ಅದೇ ನೀರು, ಅದೇ ಹಕ್ಕಿಗಳನ್ನು ನೋಡುತ್ತಿದ್ದಳು. ಬಿಟರ್ನ್ ಎಂಬ ಬಕಜಾತಿಯ ಹಕ್ಕಿಯು ಆ ದೇಶದಲ್ಲಿ ಸಂತಾನ ಬೆಳೆಸುವುದನ್ನು ನಿಲ್ಲಿಸಿ ಬಹುಕಾಲವಾಗಿತ್ತು. 1911ರಲ್ಲಿ ಆಕೆಯು ಆ ಹಕ್ಕಿಯ ಮರಿಯೊಂದರ ಚಿತ್ರವನ್ನು ತೆಗೆದಳು. ಹಕ್ಕಿಯು ಮರಳಿ ಬಂದು ಮರಿಮಾಡಿದೆಯೆಂಬುದಕ್ಕೆ ಆ ಚಿತ್ರವೇ ಸಾಕ್ಷಿಯಾಯಿತು. ಚಿತ್ರಗಾರಳ ಕೌಶಲಕ್ಕಿಂತ ಹೆಚ್ಚಾಗಿ ಆಕೆಯು ಅಷ್ಟು ವರ್ಷ ಒಂದೇ ಸ್ಥಳವನ್ನು ಬಿಡದೆ ಇದ್ದುದು ಇಲ್ಲಿ ಫಲ ಕೊಟ್ಟಿತೆಂದು ನಾನು ಎಣಿಸುತ್ತೇನೆ.

ಇತ್ತ ನಮ್ಮ ದೇಶದಲ್ಲಿ ಈ ವಿದ್ಯೆಯು ಬೇಟೆಯ ಮನೆಯಲ್ಲಿಯೇ ಹುಟ್ಟಿ ಬೆಳೆಯಿತು. ಅದರ ಗುರುತು ಭಾಷೆಯಲ್ಲಿ ಇನ್ನೂ ಉಳಿದಿದೆ: ಇಂಗ್ಲಿಷ್ ಬಲ್ಲವರು ಚಿತ್ರವನ್ನು ‘ಶೂಟ್’ ಮಾಡುತ್ತಾರೆ, ಕನ್ನಡದವರಾದ ನಾವು ‘ಸೆರೆಹಿಡಿಯುತ್ತೇವೆ’. ಸಂಯುಕ್ತ ಪ್ರಾಂತಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯೂ. ಚಾಂಪಿಯನ್ ಎಂಬಾತನು, ಸುತ್ತಮುತ್ತಣ ದೊರೆಗಳೆಲ್ಲರೂ ಹುಲಿಯ ಚರ್ಮವನ್ನು ಹಾಸಿಕೊಳ್ಳುತ್ತಿದ್ದ ಕಾಲದಲ್ಲಿ, ಕೋವಿಗೆ ಬದಲಾಗಿ ಕ್ಯಾಮೆರಾವನ್ನು ಹಿಡಿದನು. ಹುಲಿಯು ರಾತ್ರಿ ನಡೆಯುವ ಕಾಲುದಾರಿಯಲ್ಲಿ ಸಣ್ಣ ತಂತಿಯನ್ನು ಕಟ್ಟಿ, ಹುಲಿಯ ಕಾಲು ಅದಕ್ಕೆ ತಾಗಿದೊಡನೆ ಬೆಳಕು ಹೊತ್ತಿ ಚಿತ್ರವು ಮೂಡುವಂತೆ ಮಾಡಿದನು. ಆ ಚಿತ್ರಗಳ ಪುಸ್ತಕವು 1927ರಲ್ಲಿ ಪ್ರಕಟವಾಯಿತು. ಒಂದು ಹುಲಿಯ ಪಟ್ಟೆಗಳಂತೆ ಮತ್ತೊಂದರ ಪಟ್ಟೆಗಳಿರುವುದಿಲ್ಲವೆಂಬುದನ್ನು ಆತನು ಆ ಚಿತ್ರಗಳಿಂದಲೇ ಕಂಡುಕೊಂಡನು. ಈ ಒಂದು ಸಂಗತಿಯನ್ನು ಆಧಾರಮಾಡಿಕೊಂಡು, ನಮ್ಮ ಕರ್ನಾಟಕದವರೇ ಆದ ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯ ದಾರಿಗಳಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಯಂತ್ರಗಳನ್ನಿಟ್ಟು, ಪಟ್ಟೆಗಳ ಗುರುತಿನಿಂದ ಹುಲಿಗಳನ್ನು ಎಣಿಸುವ ಕ್ರಮವನ್ನು ಬೆಳೆಸಿದರು.

ಚಾಂಪಿಯನ್ನನ ಚಿತ್ರಗಳಿಂದ ಪ್ರೇರಿತನಾದವರಲ್ಲಿ ಜಿಮ್ ಕಾರ್ಬೆಟ್ಟನೂ ಒಬ್ಬ. ನರಭಕ್ಷಕ ಹುಲಿಗಳನ್ನು ಕೊಂದ ಖ್ಯಾತಿಯುಳ್ಳ ಈ ಬೇಟೆಗಾರನು ಚಲಚ್ಚಿತ್ರದ ಯಂತ್ರವನ್ನು ಹಿಡಿದು ಅನೇಕ ವರ್ಷ ಹುಲಿಗಳ ಹಿಂದೆ ಅಲೆದನು. ಯಂತ್ರದ ಗರಗರ ಶಬ್ದವು ಕಿವಿಗೆ ಬಿದ್ದೊಡನೆ ಹುಲಿಯು ಮಾಯವಾಗುತ್ತಿತ್ತು. ಕಡೆಗೆ ಆತನು ತೊರೆಯೊಂದು ಹರಿಯುವ ಕಣಿವೆಯನ್ನು ಆರಿಸಿ, ಸಣ್ಣ ಸಣ್ಣ ಕಟ್ಟೆಗಳನ್ನು ಕಟ್ಟಿ, ನೀರು ಧುಮುಕುವ ಸದ್ದಿನಲ್ಲಿ ಯಂತ್ರದ ಸದ್ದು ಮುಳುಗಿಹೋಗುವಂತೆ ಏರ್ಪಾಡು ಮಾಡಿದನು. ಹುಲಿಯನ್ನು ಹಿಂಬಾಲಿಸುವುದನ್ನು ಬಿಟ್ಟು ಹುಲಿಯು ಬರುವ ಸ್ಥಳವನ್ನು ಸಿದ್ಧಗೊಳಿಸಿದ ಮೇಲೆ ಆತನ ಕಾರ್ಯವು ಕೈಗೂಡಿತು. ನಮ್ಮ ಕನ್ನಡದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರನ್ನೂ ಇಲ್ಲಿ ನೆನೆಯಬಹುದು. 1938ರಲ್ಲಿ ಜನಿಸಿ 2007ರಲ್ಲಿ ಅಗಲಿದ ಇವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು, ಮೊದಲಿನ ಬೇಟೆ ಹಾಗೂ ಮೀನು ಹಿಡಿಯುವ ಗೀಳಿನಿಂದ ಕ್ರಮೇಣ ಹಕ್ಕಿಗಳ ಛಾಯಾಚಿತ್ರದ ಕಡೆಗೆ ತಿರುಗಿ, ಕನ್ನಡ ನಾಡಿನ ಹಕ್ಕಿಗಳನ್ನು ಕನ್ನಡದ ಹೆಸರುಗಳಿಂದಲೇ ಓದುಗರಿಗೆ ಪರಿಚಯಿಸಿದರು. ಬೇಟೆಗಾರನಿಗೆ ಬೇಕಾದ ತಾಳ್ಮೆ, ಹೆಜ್ಜೆಯ ಗುರುತು ಓದುವ ಬುದ್ಧಿ, ಗಾಳಿಯ ದಿಕ್ಕಿನ ಅರಿವು ಇವೆಲ್ಲವೂ ಛಾಯಾಗ್ರಾಹಕನಿಗೆ ಉಪಯುಕ್ತವೇ. ಬಿಡತಕ್ಕದ್ದು ಒಂದೇ: ಕೊಂಡೊಯ್ಯುವ ಹಸಿವು. ಇದು ಮಾತ್ರ ಸುಲಭವಾಗಿ ಬಿಡುವುದಿಲ್ಲ. ಇದರ ವಿಷಯವನ್ನು ಮುಂದೆ ಹೇಳುತ್ತೇನೆ.

ಬೆಂಗಳೂರು ಈ ಕಲೆಗೆ ದೊಡ್ಡ ಪಾಠಶಾಲೆಯಾಗಿದ್ದಿತು. 1932ರಲ್ಲಿ ಜನಿಸಿ 2017ರಲ್ಲಿ ತೀರಿಕೊಂಡ ಟಿ. ಎನ್. ಎ. ಪೆರುಮಾಳ್‌ರವರು ಓ. ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಬಳಿಯಲ್ಲಿ ಕಲಿತು, ಲಂಡನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಫೆಲೋ ಪದವಿಯನ್ನು ಪಡೆದು, ತಾವು ಕಲಿತದ್ದನ್ನು ಅನೇಕ ಕಿರಿಯರಿಗೆ ಹೇಳಿಕೊಟ್ಟರು. ಈ. ಹನುಮಂತರಾಯರ ಚಿತ್ರಗಳೂ ಹೀಗೆಯೇ ಹೆಸರಾದುವು. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ರಾಜ್ಯದ ಅರ್ಥಸಚಿವರಾಗಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಕೆಲಸಮಾಡುತ್ತಲೇ ಕಾಡಿಗೆ ಕ್ಯಾಮೆರಾ ಹಿಡಿದು ಹೋಗುತ್ತಿದ್ದವರು. ಅವರ ಚಿತ್ರಗಳ ಪುಸ್ತಕವು 1983ರಲ್ಲಿ ಹೊರಬಂದಿತು. ಅದರ ಇಂಗ್ಲಿಷ್ ಹೆಸರಿಗೆ ಬಿಸಿಲು, ನೆರಳುಗಳೆಂದು ಅರ್ಥ. ಘೋರ್ಪಡೆಯವರ ಕಪ್ಪುಬಿಳುಪಿನ ಚಿತ್ರಗಳನ್ನು ನೋಡುವಾಗ ಅವರು ಪ್ರಾಣಿಯನ್ನು ಹೇಗೋ ಹಾಗೆ ಅದರ ಮೇಲೆ ಬಿದ್ದ ಬೆಳಕನ್ನೂ ಹುಡುಕುತ್ತಿದ್ದರೆಂಬುದು ತಿಳಿಯುತ್ತದೆ. ಬಣ್ಣವಿಲ್ಲದ ಚಿತ್ರದಲ್ಲಿ ಆನೆಗೂ ಅದರ ಹಿಂದಿನ ಬಿದಿರುಮೆಳೆಗೂ ಭೇದವನ್ನು ತೋರಿಸಬೇಕಾದರೆ ಬೆಳಕೊಂದೇ ಗತಿ.

ಈಗ ನಮ್ಮ ಸೀಮೆಗೆ ಬರೋಣ. ಕಾಯುವುದೆಂದರೆ ಸುಮ್ಮನೆ ಕುಳಿತಿರುವುದಲ್ಲ; ಪ್ರಾಣಿಯು ಮುಂದೆ ಏನು ಮಾಡುವುದೆಂಬುದನ್ನು ಬಲ್ಲವನು ಮಾತ್ರ ಕಾಯಬಲ್ಲನು. ಇದಕ್ಕೆ ಒಳ್ಳೆಯ ಉಪಾಧ್ಯಾಯನೆಂದರೆ ಕಳ್ಳಿಪೀರವೆಂಬ ಹಸುರು ಹಕ್ಕಿ. ಬಂಗಾರಪೇಟೆಯ ಸುತ್ತಣ ಹೊಲಗಳ ಬೇಲಿಯ ಮೇಲೂ ತಂತಿಯ ಮೇಲೂ ಇದನ್ನು ನೋಡದವರಿಲ್ಲ. ಇದು ಕುಳಿತಲ್ಲಿಂದ ಚಿಮ್ಮಿ, ಗಾಳಿಯಲ್ಲಿ ಜೇನುನೊಣವನ್ನೋ ದುಂಬಿಯನ್ನೋ ಹಿಡಿದು, ಬಹುಮಟ್ಟಿಗೆ ಹೊರಟ ಕೊಂಬೆಗೇ ಮರಳಿ, ಹಿಡಿದ ಹುಳುವನ್ನು ಕೊಂಬೆಗೆ ಬಡಿದು ತಿನ್ನುತ್ತದೆ. ಇದನ್ನರಿಯದವರು ಹಾರುವ ಹಕ್ಕಿಯ ಹಿಂದೆ ಯಂತ್ರವನ್ನು ತಿರುಗಿಸುತ್ತಾ ಆಯಾಸಪಡುವರು. ಅರಿತವರಾದರೋ ಬೆಳಗಿನ ಬಿಸಿಲು ತಮ್ಮ ಬೆನ್ನಿಗೆ ಬರುವಂತೆ, ಆ ಕೊಂಬೆಯಿಂದ ತಕ್ಕಷ್ಟು ದೂರದಲ್ಲಿ, ನೆಲದ ಮೇಲೆ ಕುಳಿತು, ಬರಿಯ ಕೊಂಬೆಗೇ ಮಸೂರವನ್ನು ಹೊಂದಿಸಿ ಸುಮ್ಮನಿರುವರು. ಹಕ್ಕಿಯು ತಾನಾಗಿ ಚಿತ್ರದೊಳಕ್ಕೆ ಬಂದು ಕೂರುವುದು. ರೆಕ್ಕೆಗಳ ಬಡಿತವು ಚಿತ್ರದಲ್ಲಿ ನಿಶ್ಚಲವಾಗಿ ನಿಲ್ಲಬೇಕಾದರೆ ಬೆಳಕಿನ ಕಿಂಡಿಯು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಕಾಲ ತೆರೆದಿರತಕ್ಕದ್ದು. ಅಷ್ಟು ಕ್ಷಣಿಕವಾದ ತೆರವಿಗೆ ಸಾಕಾಗುವಷ್ಟು ಬೆಳಕಿರುವುದು ಬಿಸಿಲೇರಿದ ಮೇಲೆ. ಇಷ್ಟರಲ್ಲಿಯೇ ಬಂಡೆಗಳು ಕಾದು, ಅವುಗಳ ಮೇಲಣ ಗಾಳಿಯು ನಡುಗಿ, ದೂರದ ವಸ್ತುಗಳೆಲ್ಲ ನೀರಿನೊಳಗೆ ಅಲುಗಿದಂತೆ ಮಸುಕಾಗತೊಡಗುತ್ತವೆ. ಅದು ಯಂತ್ರದ ದೋಷವೆಂದು ಅಂಗಡಿಗೆ ಹಿಂದಿರುಗಿಸಿದವರೂ ಉಂಟು! ಆದಕಾರಣ ನಮ್ಮ ಸೀಮೆಯಲ್ಲಿ ಸೂರ್ಯೋದಯವಾದ ಮೇಲಣ ಎರಡು ಗಂಟೆಗಳ ಕಾಲವನ್ನು ಅತ್ಯಂತ ಪ್ರಶಸ್ತವೆಂದು ಭಾವಿಸಬೇಕು.

ನೆಲದ ಮೇಲೆ ಕುಳಿತು ಎಂದು ಹೇಳಿದೆನಷ್ಟೆ. ನಿಂತು ತೆಗೆದ ಚಿತ್ರದಲ್ಲಿ ಪ್ರಾಣಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದಂತಾಗುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ನಾವು ಇಳಿದರೆ ಅದು ಬಾಳುವ ಲೋಕವು ಅದಕ್ಕೆ ಹೇಗೆ ಕಾಣುವುದೋ ಹಾಗೆ ನಮಗೂ ಕಾಣುವುದು. ನಮ್ಮ ಹೆಬ್ಬಂಡೆಗಳ ಮೇಲಿರುವ ಓತಿಕೇತನಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಸಂತಾನದ ಋತುವಿನಲ್ಲಿ ಗಂಡು ಓತಿಯ ಬೆನ್ನು ಕೆಂಡದಂತೆ ಕೆಂಪಾಗಿ ಪಕ್ಕಗಳು ಕಪ್ಪಾಗುತ್ತವೆ. ಮೇಲಿನಿಂದ ತೆಗೆದರೆ ಅದು ಕಲ್ಲಿಗಂಟಿದ ಬಣ್ಣದ ಚೂರು. ಕಲ್ಲಿಗೆ ಗಲ್ಲವಿಟ್ಟು ತೆಗೆದರೆ ತನ್ನ ರಾಜ್ಯದ ಶಿಖರದಲ್ಲಿ ನಿಂತ ದೊರೆ.

ಬೆಳಕಿನ ಅಳತೆಯ ವಿಷಯದಲ್ಲಿಯೂ ಒಂದು ಮಾತು. ಬೇತಮಂಗಲದ ಕೆರೆಯಲ್ಲಿ ಬೆಳ್ಳಕ್ಕಿಯು ಕಪ್ಪು ನೀರಿನಲ್ಲಿ ನಿಂತಿದೆಯೆಂದು ಇಟ್ಟುಕೊಳ್ಳಿರಿ. ಚಿನ್ನದ ಗಣಿಗಳಿಗೆ ನೀರನ್ನು ಕೊಟ್ಟ ಪಾಲಾರಿನ ಕೆರೆ ಇದು. ಯಂತ್ರವು ತಾನಾಗಿ ಬೆಳಕನ್ನು ಅಳೆಯುವಾಗ, ಕಾಣುವುದೆಲ್ಲವೂ ಒಟ್ಟಿನಲ್ಲಿ ನಡುಮಟ್ಟದ ಬೂದುಬಣ್ಣದಷ್ಟೇ ಬೆಳಗುತ್ತದೆಂದು ಭಾವಿಸುತ್ತದೆ. ಚಿತ್ರದ ಹೆಚ್ಚು ಭಾಗವು ಕಪ್ಪು ನೀರಾದುದರಿಂದ ಅದು ‘ಕತ್ತಲೆಯಾಗಿದೆ’ ಎಂದೆಣಿಸಿ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಇದರಿಂದ ಹಕ್ಕಿಯ ಗರಿಗಳ ಗೆರೆಗಳೆಲ್ಲ ಅಳಿಸಿಹೋಗಿ ಬರಿಯ ಬಿಳಿಯ ಆಕಾರವುಳಿಯುತ್ತದೆ. ಬಲ್ಲವರು ಯಂತ್ರವು ಹೇಳಿದ್ದಕ್ಕಿಂತ ಬೆಳಕನ್ನು ಕಡಿಮೆಮಾಡಿ ಗರಿಯನ್ನು ಉಳಿಸಿಕೊಳ್ಳುವರು. ಹಿಂದಿನವರು ಇದನ್ನು ದುಬಾರಿಯಾದ ಪಾಠವಾಗಿ ಕಲಿತರು. ಅಗಲವಾದ ಫಿಲ್ಮಿನ ಸುರುಳಿಯಲ್ಲಿ ಹನ್ನೆರಡು, ಸಣ್ಣದರಲ್ಲಿ ಮೂವತ್ತಾರು ಚಿತ್ರಗಳಿಗೆ ಮಾತ್ರ ಅವಕಾಶವಿದ್ದು, ಸುರುಳಿಯನ್ನು ತೊಳೆಸಿ ಅಚ್ಚು ಹಾಕಿಸುವವರೆಗೂ ಬಂದದ್ದೇನೆಂಬುದು ತಿಳಿಯುತ್ತಿರಲಿಲ್ಲ. ಈಗಿನ ಡಿಜಿಟಲ್ ಯಂತ್ರವು ಒಂದು ಬೆಳಗಿನಲ್ಲಿ ಸಾವಿರ ಚಿತ್ರಗಳನ್ನು ಕೊಡಬಲ್ಲದು, ಕೂಡಲೇ ತೋರಿಸಲೂ ಬಲ್ಲದು. ಕಲಿಯುವವರಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೂ ಹನ್ನೆರಡೇ ಚಿತ್ರಗಳೆಂಬ ಕಟ್ಟು ಇದ್ದಾಗ ಗುಂಡಿಯನ್ನೊತ್ತುವ ಮುನ್ನ ನೋಡುವ ಕೆಲಸವು ನಡೆಯುತ್ತಿದ್ದಿತು. ಈಗ ಅದು ಒತ್ತಿದ ಮೇಲೆ, ಮನೆಯಲ್ಲಿ, ನಡೆಯುತ್ತದೆ.

ಕ್ಯಾಮೆರಾ ಹಿಡಿದವರ ಕಣ್ಣು ಪಳಗಿದಂತೆಲ್ಲ, ಹಕ್ಕಿಯನ್ನು ದೊಡ್ಡದಾಗಿ ತೋರಿಸಬೇಕೆಂಬ ಹಟವು ಸಡಿಲುವುದನ್ನು ನೋಡಿದ್ದೇನೆ. ಗರಿಗರಿಯೂ ಎಣಿಸುವಂತಿರುವ, ಹಿಂದೆ ಬರಿಯ ಹಸುರು ಮಸುಕಿರುವ ಚಿತ್ರವು ಎಲ್ಲಿ ಬೇಕಾದರೂ ತೆಗೆದದ್ದಾಗಬಹುದು. ಅದು ಮಾರಿಕುಪ್ಪದ ಗಿಡುಗವೆಂದು ಹೇಗೆ ತಿಳಿಯಬೇಕು? ಚಿನ್ನದ ಗಣಿಯ ಗುಡ್ಡಗಳ ವಿಚಾರವನ್ನೇ ತೆಗೆದುಕೊಳ್ಳಿರಿ. ನೂರಕ್ಕೂ ಹೆಚ್ಚು ವರ್ಷಗಳ ಕಾಲ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೂ, ಅದಿರನ್ನು ನುಣ್ಣಗೆ ಅರೆದು ಚಿನ್ನವನ್ನು ತೆಗೆದ ಮೇಲೆ ಉಳಿದ ಪುಡಿಯು ಮೂರು ಕೋಟಿ ಟನ್ನಿಗೂ ಮೀರಿ ಅಲ್ಲಿ ರಾಶಿಬಿದ್ದಿದೆ. ಚಿನ್ನವನ್ನು ಬೇರ್ಪಡಿಸಲು ಸಯನೈಡನ್ನು ಉಪಯೋಗಿಸುತ್ತಿದ್ದುದರಿಂದ ಜನರು ಅವನ್ನು ಸಯನೈಡ್ ಗುಡ್ಡಗಳೆಂದೇ ಕರೆಯುವರು. ಗಾಳಿ ಬೀಸಿದಾಗ ಅವುಗಳ ಧೂಳು ಮನೆಮನೆಯನ್ನೂ ಹೊಗುವುದು ಅಲ್ಲಿ ಬಾಳಿದವರಿಗೆಲ್ಲ ಗೊತ್ತು. ಪ್ರಕೃತಿಯ ಚಿತ್ರದಲ್ಲಿ ಇಂಥವು ಬರಬಾರದೆಂದು ಮುಖ ತಿರುಗಿಸಿ, ಹಕ್ಕಿಯ ಹಿಂದೆ ಒಂದಿಷ್ಟು ಎಲೆಗಳನ್ನು ಹುಡುಕುವುದು ವಾಡಿಕೆ. ನನಗೆ ಅದು ಸರಿತೋರುವುದಿಲ್ಲ. ಹದ್ದು ಆ ಗುಡ್ಡದ ಮೇಲಿನ ಬಿಸಿಗಾಳಿಯನ್ನು ಆಶ್ರಯಿಸಿ ಏರುತ್ತಿರುವಾಗ, ಮಳೆಯು ಕೊರೆದ ಅದರ ಸಾಲುಸಾಲು ಕೊರಕಲುಗಳ ಮೇಲೆ ಸಂಜೆಯ ಓರೆಬಿಸಿಲು ಬಿದ್ದಿರುವಾಗ, ಹದ್ದನ್ನು ಸಣ್ಣದಾಗಿಯೇ ಬಿಟ್ಟು ಗುಡ್ಡವನ್ನೂ ಸೇರಿಸಿದ ಚಿತ್ರವು ನಮ್ಮ ಊರಿನ ನಿಜವಾದ ಪ್ರಕೃತಿಚಿತ್ರ. ಮನುಷ್ಯನು ಕೆಡಿಸಿದ ನೆಲದಲ್ಲಿಯೂ ಹಕ್ಕಿಯು ಬಾಳುತ್ತಿದೆಯೆಂಬ ಸಂಗತಿಯನ್ನು ಮರೆಮಾಚಿದರೆ ಯಾರಿಗೆ ಲಾಭ?

ಇನ್ನು ಹಸಿವಿನ ಮಾತು. ಛಾಯಾಗ್ರಾಹಕರಲ್ಲಿ ಅದು ಅತಿಯಾಗಿ ಕಾಣಿಸಿಕೊಳ್ಳುವುದು ಗೂಡಿನ ಬಳಿಯಲ್ಲಿ. ತಾಯಿಹಕ್ಕಿಯು ಮರಿಗಳಿಗಾಗಿ ಅಲ್ಲಿಗೆ ಬಂದೇ ತೀರಬೇಕಾದ್ದರಿಂದ, ಸುಲಭವಾಗಿ ಒಳ್ಳೆಯ ಚಿತ್ರ ಸಿಕ್ಕುವ ಸ್ಥಳ ಅದು. ಹಿಂದಿನ ದೊಡ್ಡ ಹೆಸರುಗಳಲ್ಲಿ ಬಹುಪಾಲು ಗೂಡಿನ ಮುಂದೆಯೇ ಬೆಳೆದವು. ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್ ಎಂಬ ಪ್ರಸಿದ್ಧ ಛಾಯಾಗ್ರಾಹಕನು 1937ರಲ್ಲಿ ಗೂಬೆಯ ಗೂಡಿನ ಹತ್ತಿರಕ್ಕೆ ಕತ್ತಲೆಯಲ್ಲಿ ಹೋದಾಗ, ಗೂಬೆಯು ಎರಗಿ ಎಡಗಣ್ಣನ್ನು ಕಳೆದುಕೊಂಡನು. ಇದು ಮನುಷ್ಯನಿಗಾದ ಹಾನಿ. ಆದ್ದರಿಂದ ಪುಸ್ತಕಗಳಲ್ಲಿ ಬರೆದಿಟ್ಟಿದೆ. ಹಕ್ಕಿಗಾಗುವ ಹಾನಿಯನ್ನು ಬರೆದಿಡುವವರು ಕಡಿಮೆ.

ನಮ್ಮ ಬಯಲಿನ ಟಿಟ್ಟಿಭವನ್ನು ನೋಡಿರಿ. ಇದಕ್ಕೆ ಗೂಡೆಂಬುದು ಹೆಸರಿಗೆ ಮಾತ್ರ. ಬರಿನೆಲದಲ್ಲಿ ನಾಲ್ಕು ಬೆಣಚುಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ಆದ ಮೊಟ್ಟೆಗಳನ್ನಿಡುತ್ತದೆ, ಅದೂ ಬಹುಪಾಲು ಬೇಸಿಗೆಯಲ್ಲಿ. ಕಾವು ಕೊಡುವುದಕ್ಕಿಂತ ತಂಪು ಮಾಡುವುದೇ ಆಗ ಅದಕ್ಕೆ ಹೆಚ್ಚಿನ ಕೆಲಸವಾಗುತ್ತದೆ. ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುವುದು. ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನಸಿಕೊಂಡು ಬಂದು ಮೊಟ್ಟೆಗಳನ್ನು ಒದ್ದೆಮಾಡುವುದೂ ಉಂಟು. ಕ್ಯಾಮೆರಾ ಹಿಡಿದ ಮನುಷ್ಯನು ಹತ್ತಿರ ಬಂದೊಡನೆ ಅದು ಎದ್ದು ತಲೆಯ ಮೇಲೆ ಸುತ್ತುತ್ತಾ ಕೂಗತೊಡಗುತ್ತದೆ. ಆತನು ‘ಇನ್ನೊಂದು ಚಿತ್ರ, ಇನ್ನೊಂದು ಚಿತ್ರ’ ಎಂದು ಅಲ್ಲಿಯೇ ನಿಂತರೆ, ಆ ಬಿಸಿಲಿನಲ್ಲಿ ನೆರಳಿಲ್ಲದೆ ಮೊಟ್ಟೆಗಳು ಬೇಯುತ್ತವೆ. ಅಷ್ಟರಲ್ಲಿ ಮನುಷ್ಯನ ಓಡಾಟವನ್ನು ನೋಡುತ್ತಿದ್ದ ಕಾಗೆಗೂ ಸ್ಥಳದ ಸುಳಿವು ಸಿಕ್ಕಿರುತ್ತದೆ. ಆತನು ಹೊರಟುಹೋದ ಮೇಲೆ ಆಗುವುದಾವುದೂ ಆತನ ಚಿತ್ರದಲ್ಲಿರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದಕ್ಕೆ ಅರ್ಥವನ್ನು ಕೊಡುವಾಗ, ಕಾಡುಹಕ್ಕಿಗಳ ಮೊಟ್ಟೆಗಳಿಗಾಗಲಿ ಗೂಡುಗಳಿಗಾಗಲಿ ತೊಂದರೆಪಡಿಸುವುದನ್ನೂ ಅದರಲ್ಲಿ ಸೇರಿಸಿದೆ. ಕೋವಿಯನ್ನು ಬಿಟ್ಟೆವೆಂದು ಹೆಮ್ಮೆಪಡುವ ನಾವು ಈ ಮಾತನ್ನು ಗಮನಿಸತಕ್ಕದ್ದು. ಅಭಯಾರಣ್ಯದೊಳಗೆ ಚಿತ್ರ ತೆಗೆಯುವುದಕ್ಕೆ ಅಪ್ಪಣೆ ಬೇಕೆಂಬುದೂ ಅದೇ ಕಾಯಿದೆಯಲ್ಲಿದೆ.

ಹಕ್ಕಿಯ ಕೂಗೇ ನಮಗೆ ಅಳತೆಗೋಲು. ಅದು ತನ್ನ ಕೆಲಸವನ್ನು ನಿಲ್ಲಿಸಿ ನಮ್ಮನ್ನು ನೋಡತೊಡಗಿದರೆ ಸಾಕಷ್ಟು ಹತ್ತಿರ ಬಂದೆವೆಂದು ಅರ್ಥ. ಕೂಗತೊಡಗಿದರೆ ಹೆಚ್ಚು ಹತ್ತಿರ ಬಂದೆವೆಂದು ಅರ್ಥ, ಕೂಡಲೇ ಹಿಂದಿರುಗಬೇಕು.

ಕೆಲವೊಮ್ಮೆ ಚಿತ್ರವನ್ನೇ ತೆಗೆಯದಿರುವುದು ಈ ವಿದ್ಯೆಯ ಭಾಗವಾಗುತ್ತದೆ. ಇದಕ್ಕೆ ದೃಷ್ಟಾಂತವು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಇದೆ. ಜಿಲ್ಲೆಯ ಎಷ್ಟೋ ಜನರಿಗೆ ಅದು ತಿಳಿಯದು. ಮುಳಬಾಗಿಲಿನ ಕಡೆಯ ಹನುಮನಹಳ್ಳಿಯ ಬಂಡೆಗುಹೆಯಲ್ಲಿ ಒಂದು ಜಾತಿಯ ಪುಟ್ಟ ಬಾವಲಿಗಳಿವೆ. ಅವುಗಳ ಮೂಗಿನ ಮೇಲೆ ಎಲೆಯಾಕಾರದ ಚರ್ಮದ ಮಡಿಕೆಗಳಿದ್ದು, ಮೂಗಿನಿಂದ ಹೊರಡಿಸುವ ಸೂಕ್ಷ್ಮಧ್ವನಿಯನ್ನು ಅವು ದಿಕ್ಕುಗೊಳಿಸುತ್ತವೆ. ಪ್ರತಿಧ್ವನಿಯಿಂದ ಕತ್ತಲೆಯಲ್ಲಿ ಹುಳುಗಳನ್ನು ಕಂಡುಹಿಡಿದು ಅವು ತಿನ್ನುತ್ತವೆ. 1994ರಲ್ಲಿ ಪ್ರಾಣಿಶಾಸ್ತ್ರಜ್ಞರು ಇದನ್ನು ಹೊಸ ಜಾತಿಯೆಂದು ವರ್ಣಿಸಿದರು. ಕೋಲಾರದ ಎಲೆಮೂಗಿನ ಬಾವಲಿ ಎಂದು ಹೆಸರಾಯಿತು. ಮೊದಲು ತೇರಹಳ್ಳಿಯ ಬೆಟ್ಟದ ಗುಹೆಯಲ್ಲಿಯೂ ಇದ್ದಿತು. ಆಮೇಲೆ ಹುಡುಕಿದವರಿಗೆ ಅಲ್ಲಿ ಕಾಣಿಸಲಿಲ್ಲ. ಲೋಕದಲ್ಲಿ ಬೇರೆಲ್ಲಿಯೂ ಇದು ಗೊತ್ತಿಲ್ಲ. ಇರುವುವು ಇನ್ನೂರಕ್ಕೂ ಕಡಿಮೆಯೆಂದು ಎಣಿಸಿರುತ್ತಾರೆ. ಹೆಬ್ಬಂಡೆಗಳನ್ನು ಒಡೆದು ಸಾಗಿಸುವ ಗ್ರಾನೈಟಿನ ಗಣಿಗಾರಿಕೆಯು ಇದರ ದೊಡ್ಡ ಶತ್ರುವಾಗಿದ್ದಿತು. ಬಾವಲಿಗಳ ಅಭ್ಯಾಸಿಗಳು ಪಟ್ಟ ಶ್ರಮದಿಂದಾಗಿ ಗುಹೆಯ ಸುತ್ತಣ ಸುಮಾರು 30 ಎಕರೆ ನೆಲಕ್ಕೆ ಸರಕಾರದ ರಕ್ಷಣೆ ದೊರೆತಿದೆ.

ಇಂಥದೊಂದು ನಮ್ಮ ಜಿಲ್ಲೆಯಲ್ಲಿದೆಯೆಂದು ಕೇಳಿದೊಡನೆ ಕ್ಯಾಮೆರಾ ಉಳ್ಳವರಿಗೆ ಏನನ್ನಿಸುವುದೆಂಬುದನ್ನು ಬಲ್ಲೆನು. ಅಪೂರ್ವವಾದದ್ದರ ಚಿತ್ರ ತನ್ನಲ್ಲಿರಬೇಕೆಂಬ ಆಸೆಯೂ ಹುಲಿಚರ್ಮದ ಆಸೆಯೂ ಒಂದೇ ತಾಯಿಯ ಮಕ್ಕಳು. ಗುಹೆಯೊಳಗೆ ಪಂಜು, ಟಾರ್ಚು, ಫ್ಲಾಶಿನ ಬೆಳಕುಗಳು ಬಂದರೆ ಹಗಲು ಮಲಗಿರುವ ಬಾವಲಿಗಳು ಎಚ್ಚೆತ್ತು ಹಾರಾಡಿ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಮರಿಯಿರುವ ತಾಯಂದಿರು ಗಾಬರಿಯಿಂದ ಏಳುತ್ತವೆ. ಮತ್ತೆ ಮತ್ತೆ ಹೀಗಾದರೆ ಗುಹೆಯನ್ನೇ ತೊರೆಯಲೂಬಹುದು. ಬೇರೆ ಜಾತಿಗಳಿಗೆ ಮತ್ತೊಂದು ಗುಹೆಯಿರಬಹುದು. ಇದಕ್ಕೆ ಇರುವ ಮನೆ ಒಂದೇ. ಅಪ್ಪಣೆ ಪಡೆದು ಅಭ್ಯಾಸಮಾಡುವವರು ಗುರುತಿಗೆ ಬೇಕಾದಷ್ಟು ಚಿತ್ರಗಳನ್ನು ತೆಗೆದಿದ್ದಾರೆ. ಇನ್ನೂ ಒಂದರಿಂದ ಬಾವಲಿಗಾಗಲಿ ಶಾಸ್ತ್ರಕ್ಕಾಗಲಿ ಪ್ರಯೋಜನವಿಲ್ಲ. ಗುಹೆಗೆ ಹೋಗುವ ದಾರಿಯನ್ನು ನಾನು ಇಲ್ಲಿ ಬರೆಯುವುದೂ ಇಲ್ಲ. ಈಗಿನ ಯಂತ್ರಗಳು ಚಿತ್ರದೊಂದಿಗೆ ಅದನ್ನು ತೆಗೆದ ಸ್ಥಳವನ್ನೂ ತಾವಾಗಿಯೇ ಬರೆದಿಡುವುದುಂಟು. ಗೂಡು, ಗುಹೆ, ಅಪೂರ್ವಪ್ರಾಣಿಗಳ ಚಿತ್ರವನ್ನು ಇತರರಿಗೆ ಕಳುಹಿಸುವ ಮುನ್ನ ಆ ಗುರುತನ್ನು ಅಳಿಸುವುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ತಾಯಿತಂದೆಗಳಲ್ಲಿ ಕೆಲವರು, ಮಗಳಿಗೆ ಇದರಲ್ಲಿ ಆಸಕ್ತಿಯಿದೆ, ಯಾವ ಕ್ಯಾಮೆರಾವನ್ನು ಕೊಡಿಸಬೇಕು ಎಂದು ಕೇಳುವುದುಂಟು. ಮೊದಲನೆಯ ವರ್ಷ ಯಾವುದನ್ನೂ ಕೊಡಿಸಬೇಕಾಗಿಲ್ಲ. ಸಾಧಾರಣವಾದ ಒಂದು ದುರ್ಬೀನು, ದಿನಾಂಕ ಹಾಕಿ ಬರೆಯುವ ಒಂದು ಪುಸ್ತಕ, ಮನೆಯಲ್ಲಿರುವ ಮೊಬೈಲ್ ಫೋನು ಇವಿಷ್ಟು ಸಾಕು. ಹಿತ್ತಲಿನ ಹೊಂಗೆಯ ಮರವೊಂದನ್ನು ಆರಿಸಿ, ಎಲೆಯುದುರುವುದು, ಚಿಗುರುವುದು, ಹೂಬಿಡುವುದು, ಹೂವಿಗೆ ಬರುವ ಜೇನುನೊಣ, ಸೂರಕ್ಕಿ, ಇವನ್ನು ವಾರವಾರವೂ ಒಂದೇ ಸ್ಥಳದಲ್ಲಿ ನಿಂತು ಚಿತ್ರಿಸಲಿ. ವರ್ಷದ ಕೊನೆಗೆ ಆ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಬೇರೆ ಕ್ಯಾಮೆರಾ ಬೇಕೋ ಬೇಡವೋ ಎಂಬುದನ್ನು ಹುಡುಗಿಯೇ ಹೇಳುವಳು.

ಎರಡನೆಯ ವರ್ಷಕ್ಕೆ ಗೀಜಗವು ತಕ್ಕ ವಿಷಯ. ಮುಂಗಾರು ಹಿಡಿದ ಮೇಲೆ ಗಂಡುಹಕ್ಕಿಗಳು ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಗೋ ಈಚಲ ಗರಿಗೋ ಹುಲ್ಲಿನ ಎಳೆಗಳನ್ನು ಹೆಣೆಯತೊಡಗುತ್ತವೆ. ಅರ್ಧ ಮುಗಿದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಉಳಿದರ್ಧದ ಕೆಲಸವು ಮುಂದುವರಿಯುವುದು. ಒಪ್ಪದಿದ್ದರೆ ಗೂಡು ಹಾಗೆಯೇ ತೂಗಾಡುತ್ತಿರುವುದು. ಇದನ್ನೆಲ್ಲ ಬಾವಿಯ ಆಚೆಯ ದಡದಿಂದ ಹಕ್ಕಿಗೆ ತೊಂದರೆಯಿಲ್ಲದೆ ನೋಡಬಹುದು. ಹೆಣಿಗೆಯ ಸೂಕ್ಷ್ಮವನ್ನು ಹತ್ತಿರದಿಂದ ಚಿತ್ರಿಸಬೇಕೆಂಬ ಆಸೆಯಿದ್ದರೆ, ಮರಿಗಳು ಹಾರಿಹೋಗಿ ಋತು ಮುಗಿಯುವವರೆಗೆ ಕಾಯತಕ್ಕದ್ದು. ಆಗಲೂ ಗೂಡು ಖಾಲಿಯೆಂದು ಅವಸರಪಡಬಾರದು. ಗೀಜಗವು ಬಿಟ್ಟುಹೋದ ಗೂಡಿನಲ್ಲಿ ರಾಟವಾಳ ಹಕ್ಕಿಗಳು ಬಂದು ಸಂಸಾರ ಹೂಡುವುದುಂಟು. ಆದುದರಿಂದ ಮೊದಲು ದೂರದಲ್ಲಿ ಅರ್ಧ ಗಂಟೆ ಕುಳಿತು, ಒಳಗೆ ಹೋಗಿಬರುವವರು ಯಾರಾದರೂ ಇರುವರೋ ಎಂದು ನೋಡಬೇಕು.